ಅಶ್ವಶಕ್ತಿಯನ್ನಲ್ಲ, ಬಲವನ್ನು ಕೇಳಿರಿ

ಕಾರ್ಖಾನೆಯಿಂದ ಬಂದ ಕನೆಕ್ಟಿಂಗ್ ರಾಡನ್ನೇ ಉಳಿಸಿಕೊಂಡು ಎಂಜಿನ್ನಿನಿಂದ ಎಷ್ಟು ಅಶ್ವಶಕ್ತಿಯನ್ನು ಪಡೆಯಬಹುದು? ಹಳೆಯ ಬುಲೆಟ್ ಮೋಟಾರ್‌ಸೈಕಲ್ಲನ್ನು ಇನ್ನಷ್ಟು ಚುರುಕುಗೊಳಿಸಲು ಹೊರಟಿದ್ದ ನನ್ನ ವಿದ್ಯಾರ್ಥಿಯೊಬ್ಬನು ಕೇಳಿದ ಪ್ರಶ್ನೆಯಿದು. ಒಂದು ಸಂಖ್ಯೆಯನ್ನು ನಿರೀಕ್ಷಿಸಿ ಬಂದಿದ್ದ ಆತನಿಗೆ, ಪ್ರಶ್ನೆಯೇ ಸರಿಯಿಲ್ಲವೆಂದು ನಾನು ಹೇಳಬೇಕಾಯಿತು.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಈ ಉಕ್ಕಿನ ದಂಡವು ಅಶ್ವಶಕ್ತಿಯನ್ನು ಅರಿಯದು. ಅದು ಅರಿಯುವುದು ಬಲವನ್ನು ಮಾತ್ರ. ಆ ಬಲವು ಮುಖ್ಯವಾಗಿ ಎರಡು ಬಗೆಯದು. ಇಂಧನವು ಉರಿದಾಗ ಅನಿಲದ ಒತ್ತಡವು ರಾಡನ್ನು ಅದುಮುತ್ತದೆ. ಪಿಸ್ಟನ್ನು ಮೇಲಿನ ತುದಿಯನ್ನು ಮುಟ್ಟಿ ಹಿಂದಿರುಗುವಾಗ ಅದರ ಜಡತ್ವವು ರಾಡನ್ನು ಸೆಳೆಯುತ್ತದೆ. ಇಂಧನ ಉರಿಯುವ ಗಳಿಗೆಯಲ್ಲಿ ಅನಿಲದ ಒತ್ತಡವು ಈ ಸೆಳೆತಕ್ಕೆ ಎದುರಾಗಿರುತ್ತದೆ. ಉರಿದ ಅನಿಲವನ್ನು ಹೊರದೂಡುವ ಓಟದ ಕೊನೆಯಲ್ಲಾದರೋ ಅಂತಹ ಆಸರೆಯಿಲ್ಲ. ಸೆಳೆತವನ್ನೆಲ್ಲ ರಾಡೊಂದೇ ತಾಳಬೇಕು.

ಒಂದು ಲೆಕ್ಕವನ್ನು ನೋಡೋಣ. ಹಳೆಯ ಬುಲೆಟ್ 350ರ ಪಿಸ್ಟನ್ನಿನ ಓಟ 90 ಮಿಲಿಮೀಟರ್. ಮೇಲೆ ಕೆಳಗೆ ಚಲಿಸುವ ಭಾಗಗಳ ದ್ರವ್ಯರಾಶಿ ಅರ್ಧ ಕಿಲೋಗ್ರಾಂ ಎಂದೂ, ರಾಡಿನ ಉದ್ದ ಕ್ರ್ಯಾಂಕಿನ ತ್ರಿಜ್ಯದ 4 ಪಟ್ಟು ಎಂದೂ ಇಟ್ಟುಕೊಳ್ಳಿರಿ. ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಸೆಳೆತವು ಸುಮಾರು 7,700 ನ್ಯೂಟನ್. ಎಂದರೆ ರಾಡಿಗೆ 785 ಕಿಲೋಗ್ರಾಂ ಭಾರವನ್ನು ತೂಗುಹಾಕಿದಂತೆ. 6,000 ಸುತ್ತಿನಲ್ಲಿ ಅದು ಸುಮಾರು 11,100 ನ್ಯೂಟನ್ ಆಗುತ್ತದೆ. ವೇಗವು ಏರಿದುದು ಶೇಕಡಾ 20. ಸೆಳೆತವು ಏರಿದುದು ಶೇಕಡಾ 44. ಈ ಬಲವು ವೇಗದ ವರ್ಗವನ್ನು ಅನುಸರಿಸುವುದೇ ಇದಕ್ಕೆ ಕಾರಣ.

ಅದೇ ಶೇಕಡಾ 20ರಷ್ಟು ಶಕ್ತಿಯನ್ನು, ವೇಗವನ್ನು ಹೆಚ್ಚಿಸದೆ, ಅನಿಲದ ಒತ್ತಡವನ್ನು ಹೆಚ್ಚಿಸಿ ಪಡೆದರೆ? ಆಗ ಅದುಮುವ ಬಲವು ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. ಜಡತ್ವದ ಸೆಳೆತವು ಏರುವುದಿಲ್ಲ. ಅಶ್ವಶಕ್ತಿ ಒಂದೇ, ರಾಡಿನ ಮೇಲಣ ಹೊರೆ ಬೇರೆ. ಆದುದರಿಂದ ಅಶ್ವಶಕ್ತಿಯ ಒಂದೇ ಸಂಖ್ಯೆಯನ್ನು ಸುರಕ್ಷತೆಯ ಗೆರೆಯೆಂದು ನಂಬುವುದು ಅವೈಜ್ಞಾನಿಕ.

ಇನ್ನೊಂದು ವಾದವೂ ಕೇಳಿಬರುತ್ತದೆ: “ಗೆಳೆಯನ ಗಾಡಿ ಹೀಗೆಯೇ ಓಡಿತು, ಏನೂ ಆಗಲಿಲ್ಲ.” ಒಂದು ಸಲ ತಾಳಿದ ಲೋಹ ಕೋಟಿ ಸಲ ತಾಳಬೇಕೆಂದಿಲ್ಲ. 19ನೆಯ ಶತಮಾನದಲ್ಲಿಯೇ ಜರ್ಮನಿಯ ಆಗಸ್ಟ್ ವೋಲರ್ ರೈಲುಗಾಡಿಯ ಅಚ್ಚುಗಳನ್ನು ಪರೀಕ್ಷಿಸಿ, ಒಂದೇ ಸಲಕ್ಕೆ ಮುರಿಯಲಾರದಷ್ಟು ಸಣ್ಣ ಹೊರೆಯೂ ಮತ್ತೆ ಮತ್ತೆ ಬಿದ್ದರೆ ಲೋಹವನ್ನು ಮುರಿಯಬಲ್ಲುದೆಂದು ತೋರಿಸಿದನು. ಇದೇ ಲೋಹದ ದಣಿವು. ನಮ್ಮ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಆಸರೆಯಿಲ್ಲದ ಸೆಳೆತ ಬರುವುದರಿಂದ, 5,000 ಸುತ್ತಿನ ವೇಗದಲ್ಲಿ ಗಂಟೆಗೆ ಒಂದೂವರೆ ಲಕ್ಷ ಸಲ. 67 ಗಂಟೆಗಳಲ್ಲಿ ಒಂದು ಕೋಟಿ ಸಲ! ರಾಡಿನ ಮೈಮೇಲಿನ ಸಣ್ಣ ಗೀರೊಂದು ಬಿರುಕಿಗೆ ಮೊದಲಾಗಬಹುದು.

ತಯಾರಕರು ರಾಡಿಗೆ ಅಗತ್ಯಕ್ಕಿಂತ ಮಿಗಿಲಾದ ಬಲವನ್ನು ಕೊಟ್ಟಿರುತ್ತಾರೆ, ನಿಜ. ಆದರೆ ಅದು ನಮಗೆ ಬಿಟ್ಟಿಯಾಗಿ ಸಿಕ್ಕ ಗಂಟಲ್ಲ. ಉಕ್ಕಿನ ಕಾಣದ ಕೊರತೆಗೂ ಸವಾರನ ಅಜಾಗ್ರತೆಗೂ ಮೀಸಲಿಟ್ಟುದು ಅದು. ಓಡುತ್ತಿರುವಾಗ ರಾಡು ಮುರಿದರೆ ಹಾಳಾಗುವುದು ಎಂಜಿನ್ನೊಂದೇ ಅಲ್ಲ. ಹಿಂದಿನ ಗಾಲಿ ಥಟ್ಟನೆ ಬಿಗಿದು ಸವಾರನೂ ಉರುಳಬಹುದು.

ಆದುದರಿಂದ ತಯಾರಕರು ಗೊತ್ತುಪಡಿಸಿದ ವೇಗದ ಮಿತಿಯನ್ನು ಮೀರದಿರುವುದೇ ಮೊದಲನೆಯ ವಿವೇಕ. ಮೀರಲೇಬೇಕೆನ್ನುವವರು ಮೊದಲು ಪಿಸ್ಟನ್ನನ್ನು ತೂಗಲಿ, ರಾಡಿನ ಬಿರುಕುಗಳನ್ನು ಪರೀಕ್ಷೆ ಮಾಡಿಸಲಿ, ಕಾಗದದ ಮೇಲೆ ಎರಡು ಪ್ರಶ್ನೆಗಳನ್ನು ಬರೆದುಕೊಳ್ಳಲಿ: ಎಷ್ಟು ಬಲ? ಎಷ್ಟು ಸಲ?