ಊರಿಗೆ ತರುವ ಗಾಳಿ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಅಧಿಷ್ಠಾನದಲ್ಲಿ ಆನೆ, ಸಿಂಹ, ಲತೆಗಳ ಸಾಲುಗಳ ಮೇಲೆ ರಾವುತರ ಸಾಲೊಂದಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಆನೆಗಳು ನಮ್ಮ ಕಾಡಿನವೇ. ಜಾತಿಯ ಕುದುರೆಗಳು ಮಾತ್ರ ಅರಬ್ಬೀ ದೇಶದಿಂದ ಕಡಲನ್ನು ದಾಟಿ ಬರಬೇಕಾಗಿದ್ದಿತು. ಹಡಗುಗಳಲ್ಲಿ ಕುದುರೆ, ಮುತ್ತು ಮೊದಲಾದುವನ್ನು ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಗಳನ್ನು ಆ ಕಾಲದ ಶಾಸನಗಳು ಕೊಂಡಾಡುತ್ತವೆ. ಅಮರಕೋಶದಲ್ಲಿ ಇಂತಹ ವರ್ತಕನಿಗೆ ಸಾಂಯಾತ್ರಿಕನೆಂದು ಹೆಸರು.

ಈ ಸಾಂಯಾತ್ರಿಕನಿಗೆ ಹೋಗುವುದಕ್ಕಿಂತಲೂ ಹಿಂದಿರುಗುವುದೇ ಕಷ್ಟವಾಗಿದ್ದಿತು. ಹಿಂಗಾರಿನಲ್ಲಿ ಈಶಾನ್ಯದಿಂದ ಬೀಸುವ ಗಾಳಿ ಸೌಮ್ಯವಾದುದು. ಮಂಗಳೂರಿನಿಂದ ಹೊರಟ ಹಡಗು ಅದನ್ನು ನಂಬಿ ಏಡನ್ ರೇವನ್ನು ಸೇರಬಹುದು. ಮರಳಲು ಬೇಕಾದುದೋ ನೈಋತ್ಯದ ಗಾಳಿ, ಎಂದರೆ ನಮ್ಮ ಮುಂಗಾರು. ಬೇಲೂರಿನ ಗದ್ದೆಗಳನ್ನು ತುಂಬಿ, ಅರಸೀಕೆರೆಯ ಹೊಲಗಳಿಗೆ ಬರುವಷ್ಟರಲ್ಲಿ ಬಡವಾಗುವ ಆ ಮಾರುತವು ಜೂನ್, ಜುಲೈ ತಿಂಗಳುಗಳಲ್ಲಿ ಕಡಲಿನ ಮೇಲೆ ಪ್ರಚಂಡವಾಗಿರುತ್ತದೆ. ಆಗ ಕರಾವಳಿಯ ಅಳಿವೆಗಳೆಲ್ಲ ಹಡಗಿಗೆ ಮುಚ್ಚಿದ ಬಾಗಿಲುಗಳು. ಆದುದರಿಂದ ಅದರ ರಭಸವು ಇಳಿಯುವ ವೇಳೆಗೆ ಊರು ಮುಟ್ಟುವಂತೆ, ಆಗಸ್ಟ್ ತಿಂಗಳ ಕಡೆಯಲ್ಲಿ ಏಡನ್ ಬಿಡಬೇಕು. ಬೇಗ ಹೊರಟರೆ ಬಿರುಗಾಳಿಯ ಬಾಯಿ. ತಡಮಾಡಿದರೆ ಗಾಳಿ ಬಿದ್ದುಹೋಗಿ ನಡುಗಡಲಿನಲ್ಲಿ ನಿಲ್ಲಬೇಕು. ಇಲ್ಲವೆ ಮತ್ತೊಂದು ವರ್ಷ ಪರದೇಶವಾಸ. ಅರಸೀಕೆರೆಯ ರೈತನಿಗೆ ಬಿತ್ತನೆಯ ಹದ ತಪ್ಪಿದರೆ ಏನಾಗುವುದೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಹಡಗು ನಿಂತರೆ ತಾಮ್ರ, ರೇಷ್ಮೆಗಳು ಕಾದಾವು, ಕುದುರೆ ಕಾಯಲಾರದು. ಕುದುರೆಯೊಂದಕ್ಕೆ ದಿನಕ್ಕೆ 25 ಲೀಟರಾದರೂ ಸಿಹಿನೀರು ಬೇಕು. ಇಪ್ಪತ್ತು ಕುದುರೆಗಳಿದ್ದರೆ ಒಂದು ದಿನದ ವಿಳಂಬಕ್ಕೆ 500 ಲೀಟರು! ಪೀಪಾಯಿಗಳ ತಳ ಕಾಣಿಸಿಕೊಂಡಾಗ ಮನುಷ್ಯನಿಗೋ ಪ್ರಾಣಿಗೋ ಎಂಬ ಪ್ರಶ್ನೆ ಬಾರದಿದ್ದೀತೆ?

ವಿಷ್ಣುವರ್ಧನನ ಕಾಲದಲ್ಲಿ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನಿದ್ದನು. ಅವನ ಕಾಗದಪತ್ರಗಳು ಕೈರೋ ನಗರದ ಯೆಹೂದ್ಯರ ಪ್ರಾರ್ಥನಾಮಂದಿರದ ಉಗ್ರಾಣದಲ್ಲಿ ಉಳಿದುಬಂದಿವೆ. ಅವನ ಸೇವಕನೊಬ್ಬನ ಹೆಸರನ್ನು ವಿದ್ವಾಂಸರು ಬೊಮ್ಮನೆಂದು ಓದಿರುವರು. ಯಜಮಾನನ ವ್ಯಾಪಾರಕ್ಕಾಗಿ ಏಡನ್ನಿಗೆ ಹೋದ ಈ ಬೊಮ್ಮನು ಕುಡಿತಕ್ಕೆ ಹಣ ಬೇಡಿ ಕಾಡಿದನೆಂದು ಅಲ್ಲಿಯ ವರ್ತಕ ಮದ್ಮೂನನು ದೂರಿ ಬರೆದಿದ್ದಾನೆ. ಊರಿನ ಗಾಳಿಗಾಗಿ ತಿಂಗಳುಗಟ್ಟಲೆ ಕಾಯುವವರ ಕಾಲಕ್ಷೇಪವೆಲ್ಲ ಪುರಾಣಶ್ರವಣವೇ ಆಗಿದ್ದಿತೆಂದು ನಾವು ಭಾವಿಸಬೇಕಾಗಿಲ್ಲ! ಯಜಮಾನನಿಗಾದರೋ ಊರು ಪಶ್ಚಿಮದಲ್ಲಿ. ಅವನು ಮಂಗಳೂರನ್ನು ಬಿಟ್ಟು, 1149ರಲ್ಲಿ ಏಡನ್ನಿನಿಂದ ತನ್ನ ಸೋದರರಿಗೆ, ಮಕ್ಕಳೊಡನೆ ಕ್ಷೇಮವಾಗಿ ಬಂದು ಸೇರಿದೆನೆಂದು ತಿಳಿಸಿದನು.

ಮಳೆ ನಿಂತು ಘಟ್ಟದ ದಾರಿಗಳು ಆರಿದ ಮೇಲೆ ಬದುಕಿ ಬಂದ ಕುದುರೆಗಳನ್ನು ರಾಜಧಾನಿಗೆ ಹತ್ತಿಸಬೇಕು. ಹಳೇಬೀಡಿಗೆ ಆಗ ದೋರಸಮುದ್ರವೆಂದು ಹೆಸರು; ಅದು ಅಲ್ಲಿಯ ಕೆರೆಯಿಂದ ಬಂದುದು. ವಾರಗಟ್ಟಲೆ ಉಪ್ಪುನೀರಿನ ನಡುವೆ ಅಳೆದು ಕೊಟ್ಟ ನೀರನ್ನು ಕುಡಿದ ಕುದುರೆಗಳನ್ನು, ಮಳೆಗಾಲದ ನೀರಿನಿಂದ ತುಂಬಿದ ಆ ಸಿಹಿ ಸಮುದ್ರದ ದಡದಲ್ಲಿ ಹಗ್ಗ ಸಡಿಲಿಸಿ ಬಿಡುತ್ತಿದ್ದಿರಬೇಕು.