ವತನದಾರನ ಕತ್ತಿ ಯಾರ ಪರ?

ಮುಂಡರಗಿ ಭೀಮರಾಯನ ಮಾತು ಬಂದಲ್ಲೆಲ್ಲ ಒಂದು ತಕರಾರು ಏಳುತ್ತದೆ. ಕುಂಪಣಿ ಸರ್ಕಾರದಲ್ಲಿ ಬಳ್ಳಾರಿ ಕಡೆ ಮಾಮಲೇದಾರನಾಗಿದ್ದವ, ನೌಕರಿ ಹೋದ ಸಿಟ್ಟಿಗೆ ದಂಗೆ ಎದ್ದ; ನರಗುಂದದ ಬಾಬಾಸಾಹೇಬ ದತ್ತಕಕ್ಕೆ ಒಪ್ಪಿಗೆ ಸಿಗಲಿಲ್ಲವೆಂದು ತಿರುಗಿಬಿದ್ದ; ಇವರನ್ನು ಸ್ವಾತಂತ್ರ್ಯ ವೀರರೆನ್ನುವುದು ಹೇಗೆ? ಇದರಲ್ಲಿನ ಸಂಗತಿಗಳು ನಿಜ. ತೀರ್ಮಾನ ಮಾತ್ರ ಅವಸರದ್ದು. ಸ್ವಂತದ ನೋವಿಲ್ಲದೆ ಆಸ್ತಿವಂತ ಯಾವ ದೇಶದಲ್ಲಿ ಕತ್ತಿ ಹಿರಿದಿದ್ದಾನೆ?

ಇಂಗ್ಲೆಂಡಿನವರು ತಲೆಯ ಮೇಲೆ ಹೊತ್ತು ಮೆರೆಸುವ ಜಾನ್ ಹ್ಯಾಂಪ್ಡನ್‌ನನ್ನೇ ನೋಡಿ. ಜಮೀನುದಾರ, ಪಾರ್ಲಿಮೆಂಟಿನ ಸದಸ್ಯ, ಕ್ರಾಮ್‌ವೆಲ್ ಇವನ ಸೋದರಮಾವನ ಮಗ. ದೊರೆ ಒಂದನೆಯ ಚಾರ್ಲ್ಸ್ ಹೇರಿದ ಹಡಗು ತೆರಿಗೆಯಲ್ಲಿ ತನ್ನ ಪಾಲಿನ 20 ಶಿಲ್ಲಿಂಗ್ ಕೊಡೆನೆಂದು ಕೋರ್ಟು ಹತ್ತಿದ. 12 ನ್ಯಾಯಾಧೀಶರಲ್ಲಿ 7 ಮಂದಿ ದೊರೆಯ ಪರ ನಿಂತರು, ಕೇಸು ಸೋತಿತು. 1642ರಲ್ಲಿ ಯುದ್ಧ ಹೊತ್ತಿದಾಗ ಪಾರ್ಲಿಮೆಂಟಿನ ಪರ ದಂಡು ಕಟ್ಟಿದ, ಮರುವರ್ಷ ಜೂನಿನಲ್ಲಿ ಗಾಯಗೊಂಡು ಸತ್ತ. ತೆರಿಗೆ ಅವನ ಹೊಲದ್ದೇ. ಆದರೆ ಪಾರ್ಲಿಮೆಂಟನ್ನು ಕೇಳದೆ ದೊರೆ ಕೈಯಿಕ್ಕಬಹುದೇ ಎಂಬ ಪ್ರಶ್ನೆ ತೆರಿಗೆ ಕಟ್ಟುವ ಎಲ್ಲರದೂ ಆಗಿತ್ತು. ಅದೇ ಸೀಮೆಯ ಎಡ್ಮಂಡ್ ವರ್ನಿ ಉಂಡ ಅನ್ನದ ಋಣಕ್ಕೆಂದು ದೊರೆಯ ಧ್ವಜ ಹಿಡಿದು ಎಜ್‌ಹಿಲ್‌ನಲ್ಲಿ ಮಡಿದ. ಅವನ ಹಿರಿಮಗ ಪಾರ್ಲಿಮೆಂಟಿನ ಕಡೆಗಿದ್ದ.

1858ರ ನಮ್ಮ ದಂಗೆಯೂ ಹಾಗೇ ಮನೆ ಒಡೆದ ಜಗಳ. ನರಗುಂದದವನ ಮಲಸಹೋದರ ರಾಮದುರ್ಗದ ಅರಸ ಇಂಗ್ಲಿಷರ ಪಕ್ಷ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಅವನಲ್ಲಿಗೇ ಬಂದು, ನರಗುಂದದ ದಾರಿ ಬೇಡವೆಂಬ ಮಾತು ಕೇಳದೆ ಹೊರಟು ಸುರೇಬಾನದಲ್ಲಿ ನರಗುಂದದವರ ಕೈಯಲ್ಲಿ ಹತನಾದ. ಅವನ ಕಾವಲಿಗಿದ್ದವರು ದಕ್ಷಿಣ ಮರಾಠಾ ಕುದುರೆ ದಳದವರು, ಈ ನೆಲದವರೇ.

ಈ ಮ್ಯಾನ್ಸನ್ ಹಿಂದೆ, ಇನಾಮು ಭೂಮಿಯ ಹಕ್ಕುಪತ್ರ ಕೇಳುತ್ತಿದ್ದ ಇನಾಮ್ ಕಮಿಷನ್ನಿನಲ್ಲಿ ಕೆಲಸ ಮಾಡಿದವನು. ತಲೆಮಾರುಗಳಿಂದ ಉಂಡುಬಂದ ಭೂಮಿಗೆ ಸನದು ತೋರಿಸಿ ಎಂದರೆ ಹುಳ ತಿಂದ ಕಾಗದ ಬಿಟ್ಟು ಏನು ತೋರಿಸಬೇಕು? ಅದರ ಮೇಲೆ 1857ರಲ್ಲಿ ಆಯುಧ ಒಪ್ಪಿಸುವ ಕಾಯ್ದೆ ಬಂತು. ಹಮ್ಮಿಗಿ ಕೆಂಚನಗೌಡನ ಊರಲ್ಲಿ ಕೂಡಿಟ್ಟ ಮದ್ದುಗುಂಡು ಸಿಕ್ಕಿಬಿದ್ದು ಸರ್ಕಾರದ ಕಾವಲು ಕೂತಾಗ ಭೀಮರಾಯ, ಕೆಂಚನಗೌಡ ಇಬ್ಬರೂ ಕಾವಲಿನ ಮೇಲೆ ಬಿದ್ದು ಆಯುಧ ಕಿತ್ತುಕೊಂಡರು, ಡಂಬಳದ ಖಜಾನೆ ಲೂಟಿ ಮಾಡಿದರು, ಕೊಪ್ಪಳದ ಕೋಟೆ ಹೊಕ್ಕರು. 1858ರ ಜೂನ್ 1ರಂದು ಮೇಜರ್ ಹ್ಯೂಸ್‌ನ ದಂಡು ಕೋಟೆಗೆ ನುಗ್ಗಿತು. ಇಬ್ಬರೂ ಅಲ್ಲೇ ಬಿದ್ದರು. ಬಾಬಾಸಾಹೇಬನನ್ನು ಅದೇ ತಿಂಗಳು 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಇನಾಮಿನ ಸಂಕಟ ಇನಾಮದಾರನಿಗೇ ಸೇರಿದ್ದು, ಒಪ್ಪೋಣ. ಆಯುಧದ್ದು ಹಾಗಲ್ಲ. ಅದೇ ಕಾಯ್ದೆಗೆ ಎದುರಾಗಿ 1857ರ ನವೆಂಬರಿನಲ್ಲೇ ಹಲಗಲಿಯ ಬೇಡರು ಎದ್ದಿದ್ದರು. ಕಳಕೊಳ್ಳಲು ಅವರಿಗೆ ಯಾವ ಸಂಸ್ಥಾನವಿತ್ತು? ಭೀಮರಾಯ ಯಾಕೆ ಎದ್ದ ಎನ್ನುವುದಕ್ಕಿಂತ, ಅವನ ದೂರು ಅವನ ವಾಡೆಯ ಹೊಸ್ತಿಲು ದಾಟಿತೇ ಎಂದು ಕೇಳುವುದು ಒಳ್ಳೆಯದು. ದಾಟಿತ್ತು ಎಂದೇ ನನ್ನ ಎಣಿಕೆ.

ಸ್ವಹಿತ ಎಂಬ ತಕ್ಕಡಿಯಲ್ಲಿ ತೂಗುವವರು ಸುಮ್ಮನೆ ಕೂತವರನ್ನೂ ತೂಗಬೇಕು. ನೆರೆಯ ಶಿರಹಟ್ಟಿ ಆಗ ಸಾಂಗಲಿ ಪಟವರ್ಧನರದು, ಲಕ್ಷ್ಮೇಶ್ವರ ಮೀರಜ್ ಪಟವರ್ಧನರದು. ಇವರು ದಂಗೆಗೆ ಇಳಿಯಲಿಲ್ಲ. ಸಂಸ್ಥಾನಗಳು 1948ರವರೆಗೆ ಉಳಿದವು. ಲಾಭನಷ್ಟದ ಲೆಕ್ಕ ಬಲ್ಲವನು ಮಾಡುವ ಕೆಲಸ ಇದೇ. ಬರೀ ಲೆಕ್ಕ ಹಾಕಿದ್ದರೆ ಭೀಮರಾಯನೂ ಮಾಡುತ್ತಿದ್ದ. ಕುಂಪಣಿಯ ಬಲ ಎಷ್ಟೆಂದು ಅದರ ಕಚೇರಿಯಲ್ಲಿ ಕೂತು ಕಂಡವನಿಗಿಂತ ಚೆನ್ನಾಗಿ ಯಾರು ಬಲ್ಲರು?

ಹಾಗೆಂದು ಈ ವತನದಾರರನ್ನು ರೈತನ ಬಂಧುಗಳನ್ನಾಗಿ ಮಾಡುವ ಉತ್ಸಾಹವೂ ನನಗಿಲ್ಲ. ಇನಾಮು ಎಂದರೆ ಕೊನೆಗೆ ಉಳುವವನ ರಾಶಿಯಿಂದ ಬರುವ ಪಾಲು. ಇಂಗ್ಲೆಂಡಿನಲ್ಲಿ ಈ ಮಿತಿ ಬೇಗ ಬಯಲಾಯಿತು: ದೊರೆ ಸೋತ ಮೇಲೆ, 1647ರಲ್ಲಿ ಪುಟ್ನಿಯಲ್ಲಿ ಸೈನಿಕರ ಪ್ರತಿನಿಧಿಗಳು ಬಡವನಿಗೂ ಓಟು ಬೇಕೆಂದಾಗ, ಆಸ್ತಿ ಇಲ್ಲದವನಿಗೆ ಆ ಹಕ್ಕಿಲ್ಲವೆಂದು ವಾದಿಸಿದವನು ಪಾರ್ಲಿಮೆಂಟಿನ ಪರ ಹೋರಾಡಿದ ಐರ್‌ಟನ್. ಹ್ಯಾಂಪ್ಡನ್ ಬದುಕಿದ್ದರೆ ಯಾವ ಕಡೆ ಕೂರುತ್ತಿದ್ದನೋ! ನಮ್ಮಲ್ಲಿ ಆ ಸಭೆ ಸೇರುವ ಹೊತ್ತೇ ಬರಲಿಲ್ಲ. ಡಂಬಳದ ಖಜಾನೆ ಒಡೆದದ್ದಕ್ಕೂ ಕೊಪ್ಪಳದ ಕೋಟೆ ಬಿದ್ದದ್ದಕ್ಕೂ ನಡುವೆ ಕೆಲವೇ ದಿನ. ಗೆದ್ದಿದ್ದರೆ ಭೀಮರಾಯ ಕಂದಾಯ ಇಳಿಸುತ್ತಿದ್ದನೇ ಎಂದು ಮುಂಡರಗಿಯ ಒಕ್ಕಲಿಗ ಅವನನ್ನು ಕೇಳುವಷ್ಟು ಪುರುಸೊತ್ತು ಯುದ್ಧ ಕೊಡಲಿಲ್ಲ.