ಡಿಪಿ ಬದಲಿಸದವರಿಗೆ ದುಃಖವಿಲ್ಲವೇ?

2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ 40 ಸಿಆರ್‌ಪಿಎಫ್ ಯೋಧರು ಹತರಾದರು. ಒಬ್ಬರು ನಮ್ಮ ಮಂಡ್ಯ ಜಿಲ್ಲೆಯವರು. ದುಃಖ ನಿಜ. ಜೊತೆಗೆ ಬಂದ ಫಾರ್ವರ್ಡ್‌ಗಳೆಲ್ಲ ನಿಜವಾಗಿರಲಿಲ್ಲ. ಯೋಧರ ದೇಹದ ತುಂಡುಗಳೆಂದು ಹರಿದಾಡಿದ ನಕಲಿ ಫೋಟೊಗಳನ್ನು ಹಂಚಬೇಡಿ, ಲೈಕ್ ಕೂಡ ಮಾಡಬೇಡಿ ಎಂದು ಸಿಆರ್‌ಪಿಎಫ್ಪೇ ಕೇಳಿಕೊಳ್ಳಬೇಕಾಯಿತು. ಮಾರ್ಚ್‌ನಲ್ಲಿ ವಿಜಯಪುರದ ಉಪನ್ಯಾಸಕರೊಬ್ಬರನ್ನು ಫೇಸ್‌ಬುಕ್ ಬರಹಕ್ಕಾಗಿ ಗುಂಪೊಂದು ಮಂಡಿಯೂರಿಸಿ ಕ್ಷಮೆ ಕೇಳಿಸಿತು.

ಅದೇ ದಿನಗಳಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಒಬ್ಬೊಬ್ಬರನ್ನೇ ಬಲಿ ಪಡೆಯುತ್ತಿತ್ತು. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗು ಕಚ್ಚಿ ಬರುವ ಜ್ವರ ಅದು. ಹೊಸನಗರ, ತೀರ್ಥಹಳ್ಳಿಯವರಿಗೂ ಹೊಸದಲ್ಲ. ಆ ಸಾವುಗಳಿಗೆ ಡಿಪಿ ಕಪ್ಪಾಗಿದ್ದನ್ನು ನಾನಂತೂ ನೋಡಲಿಲ್ಲ.

ಜನರ ಮನಸ್ಸು ಕಲ್ಲಾಗಿತ್ತೆಂದು ಇದರರ್ಥವಲ್ಲ. ಪದೇ ಪದೇ ಕಣ್ಣಿಗೆ ಬಿದ್ದದ್ದನ್ನೇ ಮಿದುಳು ದೊಡ್ಡದೆಂದು ಎಣಿಸುತ್ತದೆ. ಟಿವಿಯಲ್ಲಿ ಒಂದೇ ದೃಶ್ಯ ದಿನವಿಡೀ ಓಡುತ್ತದೆ, ಹಿನ್ನೆಲೆ ಸಂಗೀತದ ಸಮೇತ. ಕಾಡಂಚಿನ ಮನೆಯ ಜ್ವರಕ್ಕೆ ಅದೆಲ್ಲಿ ಬರಬೇಕು? ‘ನಿಜವಾದ ಭಾರತೀಯರಾದರೆ ಶೇರ್ ಮಾಡಿ’ ಎಂಬ ಸಾಲಿಗೆ ಯಾರ ದುಃಖ ಎಷ್ಟೆಂದು ಅಳೆಯಲು ಬರುವುದಿಲ್ಲ. ಆ ಫೆಬ್ರವರಿಯಲ್ಲಿ ಗ್ರೂಪಿನಲ್ಲಿ ಸುಮ್ಮನಿದ್ದವರ ಪೈಕಿ ಅರಳಗೋಡಿನ ಸಾವಿನ ಮನೆಯವರೂ ಇದ್ದಿರಬಹುದು.